ಬೆಳ್ಳಿಯ ತೂಕ ಎಲ್ಲಿ?

ನಮಸ್ಕಾರ.

‘ನಾಣ್ಯ ಉಳಿಸಿದ ನ್ಯೂಟನ್’ ಲೇಖನ ತಲುಪಿತು. ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ. ಅದಕ್ಕೇ ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗದೆ ಇಷ್ಟು ಉದ್ದ ಬರೆಯುತ್ತಿದ್ದೇವೆ.

ನೀವು ಹೇಳಿರುವ ಕಥೆ ಇಷ್ಟು: 1690ರ ದಶಕದ ಇಂಗ್ಲೆಂಡಿನಲ್ಲಿ ಕಳ್ಳರು ಬೆಳ್ಳಿ ನಾಣ್ಯಗಳ ಅಂಚು ಕತ್ತರಿಸಿ ಕತ್ತರಿಸಿ ದೇಶದ ಹಣವನ್ನೇ ಕೆಡಿಸಿದರು. ತತ್ವಜ್ಞಾನಿ ಜಾನ್ ಲಾಕ್ ದಾರಿ ತೋರಿಸಿದ. ನ್ಯೂಟನ್ ಟಂಕಸಾಲೆಗೆ ಬಂದು, ನಾಣ್ಯದ ಅಂಚಿಗೆ ಗೀರು ಹಾಕಿಸಿ, ಖೋಟಾ ನಾಣ್ಯದವರನ್ನು ನೇಣಿಗೇರಿಸಿ, ಎಲ್ಲವನ್ನೂ ಸರಿಮಾಡಿದ. ಓದಿಸಿಕೊಂಡು ಹೋಗುತ್ತದೆ, ನಿಜ. ತೊಂದರೆ ಎಂದರೆ ಹನ್ನೆರಡು ಪುಟದಲ್ಲಿ ಒಂದು ನಾಣ್ಯವೂ ತಕ್ಕಡಿ ಏರಿಲ್ಲ. ಈ ಪ್ರಕರಣದಲ್ಲಿ ಜಗಳವೆಲ್ಲ ನಡೆದದ್ದೇ ತಕ್ಕಡಿಯ ಸುತ್ತ.

ಮೊದಲು ಅಂಚಿನ ಗೀರಿನ ವಿಷಯ. ಅದನ್ನು ನ್ಯೂಟನ್ ಕಂಡುಹಿಡಿದನೆಂಬ ಮಾತು ಅಂತರ್ಜಾಲದ ತುಂಬ ಇದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ನೀವೂ ಕಟ್ಟಿದ್ದೀರಿ. ಯಂತ್ರದಲ್ಲಿ ಅಚ್ಚಾದ, ಅಂಚಿಗೆ ರಕ್ಷಣೆಯಿದ್ದ ನಾಣ್ಯ ಲಂಡನ್ ಟಂಕಸಾಲೆಯಿಂದ ಹೊರಬರತೊಡಗಿದ್ದು 1660ರ ದಶಕದ ಆರಂಭದಲ್ಲಿ, ಪಿಯೆರ್ ಬ್ಲಾಂಡೋ ಎಂಬ ಫ್ರೆಂಚ್ ತಜ್ಞನ ಉಪಕರಣದಿಂದ. ಕ್ರೌನ್‌ನಂಥ ದೊಡ್ಡ ನಾಣ್ಯದ ಅಂಚಿನಲ್ಲಿ ‘ಡೆಕಸ್ ಎಟ್ ಟ್ಯುಟಾಮೆನ್’ ಎಂಬ ಲ್ಯಾಟಿನ್ ಅಕ್ಷರಗಳಿದ್ದವು. ಅಲಂಕಾರವೂ ಹೌದು, ಕಾವಲೂ ಹೌದು ಎಂದರ್ಥ. ಆಗ ನ್ಯೂಟನ್ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಹುಡುಗ. ಟಂಕಸಾಲೆಗೆ ಅವನು ಬಂದದ್ದು 1696ರಲ್ಲಿ.

ಹಾಗಾದರೆ ಕತ್ತರಿಸಿಕೊಂಡ ನಾಣ್ಯ ಯಾವುದು? ಯಂತ್ರಕ್ಕೆ ಮುಂಚಿನ, ಸುತ್ತಿಗೆಯಿಂದ ಬಡಿದು ಮಾಡಿದ ನಾಣ್ಯ. ಅದರ ಅಂಚು ಸೊಟ್ಟಪಟ್ಟ. ಚೂರು ಕತ್ತರಿಸಿದರೂ ಗೊತ್ತಾಗುತ್ತಿರಲಿಲ್ಲ. ಹಳೆಯದೂ ಹೊಸದೂ ಒಟ್ಟಿಗೆ ಚಲಾವಣೆಯಲ್ಲಿದ್ದವು, ಅಂಗಡಿಯಲ್ಲಿ ಎರಡೂ ಒಂದೇ ಬೆಲೆಗೆ ಸಲ್ಲುತ್ತಿದ್ದವು. ನಿಮ್ಮ ಲೇಖನದ ತಿರುಳು ಇರಬೇಕಾದದ್ದು ಇಲ್ಲಿ. ಪೂರ್ತಿ ತೂಕದ ಶಿಲ್ಲಿಂಗೂ ಅರ್ಧ ತೂಕದ ಶಿಲ್ಲಿಂಗೂ ಒಂದೇ ಬ್ರೆಡ್ಡು ಕೊಡಿಸುತ್ತವೆ ಎಂದಾದರೆ ಪೂರ್ತಿ ತೂಕದ್ದನ್ನು ಯಾರು ಖರ್ಚು ಮಾಡುತ್ತಾರೆ? ಅದು ಪೆಟ್ಟಿಗೆ ಸೇರುತ್ತದೆ, ಇಲ್ಲವೇ ಮೂಸೆಗೆ. ಇಂಗ್ಲಿಷ್ ನಾಣ್ಯವನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ವಿದೇಶಿ ಬೆಳ್ಳಿ ಗಟ್ಟಿಯನ್ನು ಒಯ್ಯುವುದು ಅಪರಾಧವಲ್ಲ. ಆದ್ದರಿಂದ ನಾಣ್ಯ ಕರಗಿಸಿ, ಗಟ್ಟಿ ಮಾಡಿ, ‘ವಿದೇಶದ್ದು’ ಎಂದು ಪ್ರಮಾಣ ಮಾಡಿ ಸಾಗಿಸುತ್ತಿದ್ದರು. ಇದನ್ನು ನೀವು ‘ಗ್ರೆಷಮ್ ಕಂಡುಹಿಡಿದ ನಿಯಮ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕೆಟ್ಟ ನಾಣ್ಯ ಒಳ್ಳೆಯದನ್ನು ಓಡಿಸುತ್ತದೆ ಎಂಬುದು ಆ ನಿಯಮ. ಇಂಗ್ಲಿಷ್ ವರ್ತಕ ಥಾಮಸ್ ಗ್ರೆಷಮ್ ತೀರಿಕೊಂಡದ್ದು 1579ರಲ್ಲಿ. ನಿಯಮಕ್ಕೆ ಅವನ ಹೆಸರಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಒಬ್ಬ ಅರ್ಥಶಾಸ್ತ್ರಜ್ಞ. ಹೆಸರು ತೆಗೆಯಿರಿ, ಕ್ರಿಯೆಯನ್ನು ತೋರಿಸಿ.

ತೋರಿಸುವುದು ಹೇಗೆಂದು ಕೇಳುವಿರಿ. ವಿಲಿಯಂ ಲೌಂಡ್ಸ್ ಖಜಾನೆ ಇಲಾಖೆಯ ಕಾರ್ಯದರ್ಶಿ. 1695ರ ಅವನ ವರದಿಯಲ್ಲಿ ಒಂದು ಲೆಕ್ಕವಿದೆ. ಆ ವರ್ಷ ಮೇಯಿಂದ ಜುಲೈವರೆಗಿನ ಮೂರು ತಿಂಗಳಲ್ಲಿ ಬೊಕ್ಕಸಕ್ಕೆ ಬಂದ, ತಲಾ 100 ಪೌಂಡ್ ಬೆಳ್ಳಿ ಹಣದ 572 ಚೀಲಗಳನ್ನು ತೂಗಿದರು. ಒಟ್ಟು 57,200 ಪೌಂಡ್ ಹಣ. ಕಾನೂನಿನ ಪ್ರಕಾರ ಅದು 2,20,000 ಔನ್ಸ್‌ಗಿಂತ ಹೆಚ್ಚು ತೂಗಬೇಕಿತ್ತು. ತೂಗಿದ್ದು 1,14,000ಕ್ಕೂ ಕಡಿಮೆ. ಇದನ್ನು ಒಂದು ಚೀಲಕ್ಕೆ ಇಳಿಸಿ, ಕಿಲೋಗೆ ಬದಲಿಸಿ: 12 ಕಿಲೋ ಇರಬೇಕಾದ ಚೀಲ 6 ಕಿಲೋ ಚಿಲ್ಲರೆ. ಒಂದು ನಾಣ್ಯಕ್ಕೆ ಇಳಿಸಿ: 6 ಗ್ರಾಂ ಇರಬೇಕಾದ ಶಿಲ್ಲಿಂಗ್ ಸರಾಸರಿ 3 ಗ್ರಾಂ. ಚೀಲ ಎತ್ತಿದ ಜವಾನನಿಗೇ ತಿಳಿಯುವ ವ್ಯತ್ಯಾಸ ಇದು. ನಿಮ್ಮ ಮೊದಲ ಪುಟದಲ್ಲಿರುವ ‘ಹಣದ ಮೇಲಿನ ವಿಶ್ವಾಸ ಗಣನೀಯವಾಗಿ ಕುಸಿಯಿತು’ ಎಂಬ ಸಾಲು ಅಡ್ಡಗೋಡೆಯ ಮೇಲಿನ ದೀಪ. ಅದನ್ನು ಹೊಡೆದುಹಾಕಿ ಈ ಚೀಲದಿಂದ ಶುರುಮಾಡಿ.

ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ. ನಮ್ಮಲ್ಲಿ ಹಣಕ್ಕೂ ‘ಪೌಂಡ್’, ತೂಕಕ್ಕೂ ‘ಪೌಂಡ್’. ನಾಲ್ಕನೆಯ ಪುಟದಲ್ಲಿ ‘ಒಂದು ಪೌಂಡ್ ಬೆಳ್ಳಿ’ ಎಂದದ್ದು ಯಾವುದೆಂದು ನಮಗೂ ತಿಳಿಯಲಿಲ್ಲ. ತೂಕವಾದರೆ ‘ಟ್ರಾಯ್ ಪೌಂಡ್’ ಎನ್ನಿ. ಅದರಲ್ಲಿ 12 ಔನ್ಸ್, ಸುಮಾರು 373 ಗ್ರಾಂ. ಹಣವಾದರೆ 20 ಶಿಲ್ಲಿಂಗ್, ಅಂದರೆ 240 ಪೆನ್ಸ್. ಲೇಖನದ ಆರಂಭದಲ್ಲಿ ವ್ಯಾಪಾರಿಯೊಬ್ಬ ಜೇಬಿನಿಂದ ‘ಒಂದು ಪೌಂಡ್ ನಾಣ್ಯ’ ತೆಗೆಯುತ್ತಾನೆ. 1695ರ ಲಂಡನ್ನಿನಲ್ಲಿ ಬೆಳ್ಳಿಯ ಪೌಂಡ್ ಎಂಬುದು ಲೆಕ್ಕದ ಹೆಸರು. ಕೈಯಲ್ಲಿ ಓಡಾಡುತ್ತಿದ್ದದ್ದು ಕ್ರೌನ್, ಅರ್ಧ ಕ್ರೌನ್, ಶಿಲ್ಲಿಂಗ್, ಆರು ಪೆನ್ಸ್, ಮತ್ತೆ ಚಿನ್ನದ ಗಿನಿ.

ಈಗ ಲಾಕ್ ಮತ್ತು ಲೌಂಡ್ಸ್ ಜಗಳ. ನೀವು ಲಾಕ್‌ಗೆ ಮೂರು ಪುಟ, ಲೌಂಡ್ಸ್‌ಗೆ ಒಂದು ವಾಕ್ಯ ಕೊಟ್ಟಿದ್ದೀರಿ, ಆ ವಾಕ್ಯದಲ್ಲೂ ಅವನು ಮೂರ್ಖನಂತೆ ಕಾಣುತ್ತಾನೆ. ಅವನ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಿ. ಟಂಕಸಾಲೆ ಒಂದು ಟ್ರಾಯ್ ಪೌಂಡ್ ಬೆಳ್ಳಿಯಿಂದ 62 ಶಿಲ್ಲಿಂಗ್ ಮಾಡುತ್ತಿತ್ತು. ಅಂದರೆ ಔನ್ಸಿಗೆ 62 ಪೆನ್ಸ್. ಮಾರುಕಟ್ಟೆಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 77 ಪೆನ್ಸ್ ಮುಟ್ಟಿತ್ತು. ಕ್ರೌನ್‌ನ ಮುಖಬೆಲೆ 60 ಪೆನ್ಸ್. ಅದರಲ್ಲಿರುವ ಬೆಳ್ಳಿ ಒಂದು ಔನ್ಸಿನಲ್ಲಿ 62ಕ್ಕೆ 60 ಪಾಲು. ಕರಗಿಸಿದರೆ ಅದಕ್ಕೆ 74½ ಪೆನ್ಸ್ ಸಿಗುತ್ತದೆ. ಇಂಥ ನಾಣ್ಯ ಅಚ್ಚುಹಾಕುತ್ತ ಹೋದರೆ ಮೂಸೆಗೆ ಸರಕು ಒದಗಿಸಿದಂತೆ, ಅಷ್ಟೆ. ಆದ್ದರಿಂದ ಕ್ರೌನನ್ನು 75 ಪೆನ್ಸ್ ಎಂದು ಘೋಷಿಸೋಣ ಎಂದ ಲೌಂಡ್ಸ್. ನೀವು ಒಂದು ಕಡೆ 20 ಶೇಕಡಾ, ಇನ್ನೊಂದು ಕಡೆ 25 ಶೇಕಡಾ ಎಂದು ಬರೆದದ್ದು ಇದನ್ನೇ. ಎರಡೂ ಸರಿ, ಆದರೆ ಬಿಡಿಸಿ ಹೇಳಬೇಕು: ನಾಣ್ಯದ ಹೆಸರಿನ ಬೆಲೆ 25 ಶೇಕಡಾ ಏರುತ್ತದೆ, ಒಂದು ಶಿಲ್ಲಿಂಗಿಗೆ ಸಿಗುವ ಬೆಳ್ಳಿ 20 ಶೇಕಡಾ ಇಳಿಯುತ್ತದೆ.

ಲಾಕ್ ಇದನ್ನು ಒಪ್ಪಲಿಲ್ಲ. ಒಂದು ಔನ್ಸ್ ಬೆಳ್ಳಿ ಯಾವಾಗಲೂ ಒಂದು ಔನ್ಸ್ ಬೆಳ್ಳಿಗೇ ಸಮ. ಹೆಸರು ಬದಲಿಸಿದರೆ ಬೆಳ್ಳಿ ಹುಟ್ಟುವುದಿಲ್ಲ. ಸಾಲ ಕೊಟ್ಟವನಿಗೂ ಗೇಣಿಗೆ ಭೂಮಿ ಬಿಟ್ಟವನಿಗೂ ಐದರಲ್ಲೊಂದು ಪಾಲು ವಂಚನೆಯಾಗುತ್ತದೆ ಎಂದು ವಾದಿಸಿದ. ಬಿಗಿಯಾದ ವಾದ. ಆದರೆ ಅದರಲ್ಲಿ ಒಂದು ತೂತಿದೆ, ನೀವು ಅದನ್ನು ನೋಡಿಲ್ಲ. ಆ 77 ಪೆನ್ಸ್ ಕೊಡುತ್ತಿದ್ದದ್ದು ಕತ್ತರಿಸಿದ ನಾಣ್ಯದಲ್ಲಿ. ಅರ್ಧ ತೂಕದ 77 ಪೆನ್ಸ್‌ನಲ್ಲಿ ಇರುವ ಬೆಳ್ಳಿ ಹೆಚ್ಚೆಂದರೆ 0.62 ಔನ್ಸ್. ಅದನ್ನು ಕೊಟ್ಟು ಜನ ಪೂರ್ತಿ ಒಂದು ಔನ್ಸ್ ಬೆಳ್ಳಿ ಕೊಳ್ಳುತ್ತಿದ್ದರು! ಅಂದರೆ ನಾಣ್ಯ ತನ್ನ ಬೆಳ್ಳಿಗಿಂತ ಹೆಚ್ಚಿಗೆ ಸಲ್ಲುತ್ತಿತ್ತು, ಎಣಿಕೆಯಿಂದ, ರಾಜಮುದ್ರೆಯಿಂದ. ಆ ಕಾಲದ ಆರ್ಥಿಕ ಬರಹಗಾರ ನಿಕೊಲಸ್ ಬಾರ್ಬನ್ 1696ರಲ್ಲಿ ಲಾಕ್‌ಗೆ ಉತ್ತರಿಸುತ್ತ, ಹಣದ ಬೆಲೆ ರಾಜ್ಯದ ಅಧಿಕಾರದಿಂದ ಬರುತ್ತದೆ ಎಂದು ವಾದಿಸಿದ್ದು ಈ ತೂತಿನೊಳಗಿಂದಲೇ. ಬಾರ್ಬನ್ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇವನಿಲ್ಲದೆ ಇದು ವಿಚಾರಗಳ ಇತಿಹಾಸ ಆಗದು, ಲಾಕ್‌ನ ಸ್ತೋತ್ರ ಆಗುತ್ತದೆ.

ನ್ಯೂಟನ್ ಲಾಕ್‌ನ ಜೊತೆಗಿದ್ದ ಎಂದೂ ಬರೆದಿದ್ದೀರಿ. ಸ್ನೇಹಿತರು ಹೌದು. ಆದರೆ 1695ರಲ್ಲಿ ಸರ್ಕಾರ ಅಭಿಪ್ರಾಯ ಕೇಳಿದ ಹಲವರಲ್ಲಿ ನ್ಯೂಟನ್ ಒಬ್ಬ, ಮತ್ತು ಅವನು ವಾಲಿದ್ದು ಲೌಂಡ್ಸ್‌ನ ಕಡೆಗೆ. ಸಂಸತ್ತು ಹಳೆಯ ತೂಕವನ್ನೇ ಉಳಿಸಿ ಮರುಟಂಕನದ (ಹಳೆಯ ನಾಣ್ಯ ಕರಗಿಸಿ ಹೊಸದಾಗಿ ಅಚ್ಚುಹಾಕುವ) ಕಾಯ್ದೆ ಮಾಡಿದ್ದು 1696ರ ಜನವರಿಯಲ್ಲಿ. ನ್ಯೂಟನ್‌ಗೆ ಟಂಕಸಾಲೆಯ ಮೇಲಧಿಕಾರಿ, ಅಂದರೆ ವಾರ್ಡನ್ ಹುದ್ದೆಯ ಪತ್ರ ಬಂದದ್ದು ಮಾರ್ಚ್ 19ರಂದು. ತಾನು ಒಪ್ಪದ ಯೋಜನೆಯನ್ನು ಅವನು ಅಚ್ಚುಕಟ್ಟಾಗಿ ನಡೆಸಿಕೊಟ್ಟ. ನಿಮ್ಮ ವೀರಗಾಥೆಗಿಂತ ಇದು ಎಷ್ಟೋ ಸ್ವಾರಸ್ಯದ ಸಂಗತಿ.

ಆ ಪತ್ರದ ವರ್ಷವನ್ನು ನೀವು 1695 ಎಂದು ಬರೆದಿದ್ದೀರಿ. ಖೋಟಾ ನಾಣ್ಯದ ವಿಲಿಯಂ ಚಾಲೋನರ್ ಟೈಬರ್ನ್‌ನಲ್ಲಿ ನೇಣಿಗೇರಿದ್ದನ್ನು 1698 ಎಂದು. ಎರಡೂ ತಪ್ಪಿನ ಬೇರು ಒಂದೇ. ಆಗ ಇಂಗ್ಲೆಂಡಿನಲ್ಲಿ ಕಾಗದಪತ್ರದ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಮೂಲದಲ್ಲಿ ‘1695 ಮಾರ್ಚ್ 19’ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1696. ಚಾಲೋನರ್ ಸತ್ತದ್ದೂ ಮಾರ್ಚಿನಲ್ಲೇ, 1699ರಲ್ಲಿ. ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವ ತಾರೀಕು ಕಂಡರೂ ನಿಂತು ನೋಡಿ. ಅಂದಹಾಗೆ ‘ಸರ್ ಐಸಾಕ್’ ಎಂಬುದನ್ನೂ ತೆಗೆಯಿರಿ, ಆ ಬಿರುದು ಬಂದದ್ದು 1705ರಲ್ಲಿ.

ಭಾಷೆಯ ಬಗ್ಗೆ ಹೇಳುವುದು ಬಹಳ ಇಲ್ಲ, ಒಂದೇ ಒಂದು. ‘ಹಿಂಪಡೆಯಲಾಯಿತು’, ‘ಜಾರಿಗೊಳಿಸಲಾಯಿತು’, ‘ನಷ್ಟ ಭರಿಸಲಾಯಿತು’. ಏಳನೆಯ ಪುಟವೊಂದರಲ್ಲೇ ಹದಿನಾಲ್ಕು ‘ಲಾಯಿತು’ ಎಣಿಸಿದ್ದೇವೆ. ಇದು ಕಿವಿಯ ತಕರಾರು ಮಾತ್ರವಲ್ಲ. ನಷ್ಟ ಭರಿಸಿದ್ದು ಯಾರು? ಕರ್ತೃಪದ ತಪ್ಪಿಸಿಕೊಂಡಲ್ಲೇ ಇತಿಹಾಸವೂ ತಪ್ಪಿಸಿಕೊಂಡಿದೆ. ಕತ್ತರಿಸಿದ ನಾಣ್ಯವನ್ನು ಮುಖಬೆಲೆಗೆ ತೆರಿಗೆಯಾಗಿ ತೆಗೆದುಕೊಳ್ಳಲು ಸರ್ಕಾರ ಇಟ್ಟ ಗಡುವು 1696ರ ಮೇ 4. ದೊಡ್ಡ ತೆರಿಗೆ ಕಟ್ಟುವವನು, ಸರ್ಕಾರಕ್ಕೆ ಸಾಲ ಕೊಡುವಷ್ಟು ಇರುವವನು ತನ್ನ ಸವಕಲು ನಾಣ್ಯವನ್ನೆಲ್ಲ ಅಲ್ಲಿ ಸುರಿದು ಪಾರಾದ. ತೆರಿಗೆ ಕಟ್ಟುವಷ್ಟೂ ಇಲ್ಲದ ಕೂಲಿಯವನ ಕೈಯಲ್ಲಿ ಉಳಿದ ಶಿಲ್ಲಿಂಗ್ ಮೇ 5ರಿಂದ ಬರೀ ತೂಕದ ಬೆಳ್ಳಿ. ಸರ್ಕಾರ ತಾನು ಹೊತ್ತ ನಷ್ಟ ತುಂಬಲು ಮನೆಯ ಕಿಟಕಿ ಎಣಿಸಿ ವಸೂಲು ಮಾಡುವ ಕಿಟಕಿ ತೆರಿಗೆ ಹಾಕಿತು. ಅದರ ಗುರಿ 12 ಲಕ್ಷ ಪೌಂಡ್. ಮರುಟಂಕನದ ಒಟ್ಟು ವೆಚ್ಚ ಬಂದದ್ದು ಸುಮಾರು 27 ಲಕ್ಷ. ಕಿಟಕಿ ಮುಚ್ಚಿದ ಮನೆಗಳ ನಿಮ್ಮ ವರ್ಣನೆ ಚೆನ್ನಾಗಿದೆ, ಇರಲಿ.

ಆ ಬೇಸಿಗೆಯ ಹಣದ ಬರಗಾಲವನ್ನು ಒಂದು ಪ್ಯಾರಾದಲ್ಲಾದರೂ ತನ್ನಿ. ಹಳೆಯದು ಸಲ್ಲದು, ಹೊಸದು ಇನ್ನೂ ಬಂದಿಲ್ಲ. ಎರಡೇ ವರ್ಷದ ಹಿಂದೆ, 1694ರಲ್ಲಿ, ಸರ್ಕಾರಕ್ಕೆ 12 ಲಕ್ಷ ಪೌಂಡನ್ನು 8 ಶೇಕಡಾ ಬಡ್ಡಿಗೆ ಕೊಟ್ಟು ಹುಟ್ಟಿದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ಮೇ ತಿಂಗಳಲ್ಲಿ ತನ್ನ ಚೀಟಿಗಳಿಗೆ ಪೂರ್ತಿ ನಗದು ಕೊಡಲಾಗದೆ ಕೈಚೆಲ್ಲಿತು. ಫ್ಲಾಂಡರ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಯುದ್ಧದಲ್ಲಿದ್ದ ರಾಜ ಮೂರನೆಯ ವಿಲಿಯಂನ ಸೈನ್ಯ ಸಂಬಳಕ್ಕೆ ಕಾಯುತ್ತಿತ್ತು. ಯುದ್ಧ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ನಾಣ್ಯ ಕತ್ತರಿಸುವುದು ದಶಕಗಳಿಂದ ನಡೆದಿತ್ತು, 1695ರಲ್ಲೇ ಯಾಕೆ ಬಿಕ್ಕಟ್ಟಾಯಿತು ಎಂದು ಓದುಗ ಕೇಳಿಯೇ ಕೇಳುತ್ತಾನೆ. ಸೈನ್ಯದ ಖರ್ಚಿಗೆಂದು ದೇಶದಿಂದ ಹೊರಗೆ ಹರಿದ ಹಣವನ್ನು ಬಿಟ್ಟು ಅದಕ್ಕೆ ಉತ್ತರ ಕೊಡಲಾಗದು. ಗಿನಿಯ ಬೆಲೆಯನ್ನೂ ಸೇರಿಸಿ: 22 ಶಿಲ್ಲಿಂಗಿನ ಆಸುಪಾಸಿನಲ್ಲಿದ್ದದ್ದು 1695ರ ಜೂನ್‌ಗೆ 30 ಮುಟ್ಟಿತ್ತು. ಜನ ಬೆಳ್ಳಿಯನ್ನು ಬಿಟ್ಟು ಚಿನ್ನಕ್ಕೆ ಓಡಿದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಟಂಕಸಾಲೆಯ ಒಳಗಿನ ದೃಶ್ಯ ನಿಮ್ಮ ಬರಹದ ಅತ್ಯುತ್ತಮ ಭಾಗ. ಲಂಡನ್ ಗೋಪುರದಲ್ಲಿ ಸುಮಾರು 300 ಆಳುಗಳು, ತಗಡು ಒತ್ತುವ ಗಾಣಗಳನ್ನು ತಿರುಗಿಸಲು 50 ಕುದುರೆಗಳು. ಅದನ್ನು ಮುಟ್ಟಬೇಡಿ. ಎಕ್ಸೆಟರ್, ಬ್ರಿಸ್ಟಲ್, ಚೆಸ್ಟರ್, ನಾರ್ವಿಚ್, ಯಾರ್ಕ್‌ಗಳಲ್ಲಿ ತೆರೆದ ತಾತ್ಕಾಲಿಕ ಟಂಕಸಾಲೆಗಳನ್ನು ಸೇರಿಸಿದರೆ ಸಾಕು. ಧೂಮಕೇತುವಿನ ಹ್ಯಾಲಿ ಚೆಸ್ಟರ್‌ನಲ್ಲಿ ಕೆಲಸ ಮಾಡಿದ ಎಂಬುದು ಒಂದು ಸಾಲಿನ ರುಚಿ.

ಕೊನೆಗೆ, ‘ಹೀಗೆ ಇಂಗ್ಲೆಂಡಿನ ಬೆಳ್ಳಿ ಉಳಿಯಿತು’ ಎಂಬ ನಿಮ್ಮ ಮುಕ್ತಾಯ. ಉಳಿಯಲಿಲ್ಲ. ಸುಮಾರು 68 ಲಕ್ಷ ಪೌಂಡ್‌ಗಳಷ್ಟು ಹೊಸ ಬೆಳ್ಳಿ ನಾಣ್ಯ ಅಚ್ಚಾಯಿತು, ಅದರಲ್ಲಿ ಬಹುಪಾಲು ಮತ್ತೆ ಮೂಸೆ ಸೇರಿತು, ಹಡಗು ಹತ್ತಿತು. ಗಿನಿಗೆ ಕೊಟ್ಟ ಬೆಲೆ ಹೆಚ್ಚಾಗಿದ್ದರಿಂದ ಚಿನ್ನ ಒಳಗೆ ಬಂತು, ಬೆಳ್ಳಿ ಹೊರಗೆ ಹೋಯಿತು. ಹಡಗು ಎಲ್ಲಿಗೆ ಹೋಯಿತೆಂದು ಹೇಳಲು ನೀವು ಥಟ್ಟನೆ ಕಾರವಾರದ ಮೆಣಸಿಗೆ ಜಿಗಿದಿದ್ದೀರಿ. ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಅಲ್ಲಿತ್ತು ನಿಜ, ಆದರೆ ಈ ನಾಣ್ಯಗಳ ಬೆಳ್ಳಿಯೇ ಅಲ್ಲಿಗೆ ಬಂತೆಂದು ತೋರಿಸಲು ನಿಮ್ಮ ಬಳಿ ಏನೂ ಇಲ್ಲ. ನಿಜವಾದ ಕೊಂಡಿ ನ್ಯೂಟನ್‌ನ 1717ರ ವರದಿಯಲ್ಲೇ ಇದೆ. ಒಂದು ಪೌಂಡ್ ತೂಕದ ಚಿನ್ನಕ್ಕೆ ಚೀನಾ, ಜಪಾನ್‌ಗಳಲ್ಲಿ 9–10 ಪೌಂಡ್ ಬೆಳ್ಳಿ, ಭಾರತದಲ್ಲಿ 12 ಇರಬಹುದು ಎಂದು ಅವನು ಬರೆದ. ಇಂಗ್ಲೆಂಡಿನಲ್ಲಿ ಅದು 15ಕ್ಕೂ ಮೇಲೆ. ಬೆಳ್ಳಿ ಪೂರ್ವಕ್ಕೆ ಹರಿಯಲು ಕಳ್ಳರ ಕತ್ತರಿ ಬೇಕಿರಲಿಲ್ಲ, ಈ ಅಂತರವೇ ಸಾಕಿತ್ತು. ಆ ವರದಿಯ ಬೆನ್ನಿಗೇ ಗಿನಿಯನ್ನು 21 ಶಿಲ್ಲಿಂಗಿಗೆ ಇಳಿಸಿದರು. ಅದೂ ಸಾಲಲಿಲ್ಲ. ಲೇಖನವನ್ನು ಇಲ್ಲಿಗೆ ನಿಲ್ಲಿಸಿ.

ತಿದ್ದಿ ಬರೆದರೆ ಮತ್ತೆ ಓದುತ್ತೇವೆ. 2,500 ಪದ ದಾಟುವುದು ಬೇಡ. ಚೀಲದ ತೂಕ ಮೊದಲ ಪುಟದಲ್ಲಿರಲಿ, ಚಾಲೋನರ್‌ನ ನೇಣಿಗೆ ಅರ್ಧ ಪುಟ ಮೀರದಿರಲಿ, ಸೇಬಿನ ಹಣ್ಣು ಎಲ್ಲಿಯೂ ಬೇಡ.

ಸಂಪಾದಕರು