ಲೇಸರ್ ಆರಿಸೋದಾ, ಬೆಳಕು ತಡೆಯೋದಾ?

ಪ್ರಶ್ನೆ: ಹೋದ ತಿಂಗಳು ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದೆವು. ಕೇಬಲ್ ಎಳೆಯಲು ಬಂದ ಹುಡುಗ ‘ಒಳಗೆ ಲೇಸರ್ ಹತ್ತಿ ಆರುತ್ತೆ ಅಷ್ಟೇ ಸರ್’ ಅಂದ. ಇಂಜಿನಿಯರಿಂಗ್ ಓದುವ ಮಗಳು ‘ಅಲ್ಲಪ್ಪ, ಲೇಸರ್ ಹತ್ತೇ ಇರುತ್ತೆ, ಮಾಡ್ಯುಲೇಟರ್ ಬೆಳಕು ತಡೆಯುತ್ತೆ’ ಅಂತಾಳೆ. ಯಾರ ಮಾತು ನಿಜ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಇಬ್ಬರದೂ ನಿಜ, ಜಗಳ ಬೇಡ. ನಿಮ್ಮ ಗೋಡೆಯ ಡಬ್ಬಿ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಪದ್ಧತಿ) ಆಗಿದ್ದರೆ ಹುಡುಗ ಹೇಳಿದ್ದು ಸರಿ. ಲೇಸರ್‌ನ ಕರೆಂಟನ್ನೇ ಏರಿಸಿ ಇಳಿಸಿ ಅದು ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಕಳಿಸುತ್ತದೆ.

ತೊಂದರೆ ಶುರುವಾಗೋದು ವೇಗ, ದೂರ ಎರಡೂ ಜಾಸ್ತಿಯಾದಾಗ. ಹೊಲದ ಪಂಪ್‌ಸೆಟ್ ನೋಡಿದ್ದೀರಲ್ಲ, ಸ್ವಿಚ್ ಹಾಕಿದ ಕೂಡಲೇ ನೀರು ಒಂದೇ ಸಮ ಬರಲ್ಲ, ಮೊದಲು ಗಾಳಿ ಕಕ್ಕಿ, ಬುಸ್ಸಂತ ಉಗುಳಿ, ಆಮೇಲೆ ಹದಕ್ಕೆ ಬರುತ್ತೆ. ಲೇಸರ್ ಕೂಡ ಹಾಗೇ. ಕರೆಂಟ್ ಏರಿಳಿದಾಗಲೆಲ್ಲ ಅದರ ಬಣ್ಣ ಚೂರು ಜರುಗುತ್ತದೆ. ಫೈಬರಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ವೇಗ. ಬಣ್ಣ ಅಳೆಯೋದು ಅಲೆಯ ಉದ್ದದಲ್ಲಿ; ದೂರದ ಲೈನ್‌ಗಳ 1550 ನ್ಯಾನೋಮೀಟರ್ ಬೆಳಕು ಒಂದು ನ್ಯಾನೋಮೀಟರ್ ಜರುಗಿದರೆ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಸೆಕೆಂಡ್) ಹಿಂದುಮುಂದಾಗುತ್ತದೆ. ಸೆಕೆಂಡಿಗೆ 1000 ಕೋಟಿ ಬಿಟ್ ಓಡುವ ಕಡೆ ಒಂದು ಬಿಟ್‌ಗೆ ಸಿಗೋದೇ 100 ಪಿಕೋಸೆಕೆಂಡ್, ಅಂದರೆ ಫೈಬರಿನೊಳಗೆ ಎರಡು ಸೆಂಟಿಮೀಟರ್ ಉದ್ದದ ಬೆಳಕಿನ ತುಂಡು. ಬಣ್ಣ 0.1 ನ್ಯಾನೋಮೀಟರ್ ಜರುಗಿದರೂ ಸಾಕು, 60 ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದು ಬಿಟ್ ಪಕ್ಕದ ಬಿಟ್ ಮೇಲೆ ಹತ್ತಿ ಕೂತಿರುತ್ತದೆ.

ಅದಕ್ಕೇ ಮೋಟರ್ ಓಡುತ್ತಲೇ ಇರಲಿ, ವಾಲ್ವ್ ತಿರುಗಿಸೋಣ ಅನ್ನೋ ಉಪಾಯ. ಇಂಡಿಯಂ ಫಾಸ್ಫೈಡ್ ಅನ್ನೋ ಅರೆವಾಹಕದ ಚಿಪ್ ಮೇಲೆ ಲೇಸರ್, ಅದರ ಬಾಯಿಗೆ ಅಂಟಿಕೊಂಡ ಹಾಗೆ ಒಂದು ಪಟ್ಟಿ, ಅದೇ ನಿಮ್ಮ ಮಗಳು ಹೇಳಿದ ಮಾಡ್ಯುಲೇಟರ್. ಉದ್ದ 0.1 ಅಥವಾ 0.2 ಮಿಲಿಮೀಟರ್ ಇರಬಹುದು. ಸುಮ್ನೆ ಬಿಟ್ಟರೆ ಬೆಳಕು ದಾಟಿ ಹೋಗುತ್ತದೆ. ಒಂದೆರಡು ವೋಲ್ಟ್ ಉಲ್ಟಾ ಕೊಟ್ಟರೆ ಅದೇ ಪಟ್ಟಿ ಬೆಳಕನ್ನು ನುಂಗಿಬಿಡುತ್ತದೆ. ಅದರೊಳಗಿನ ಒಂದೊಂದು ಪದರ 10 ನ್ಯಾನೋಮೀಟರ್ ಆಸುಪಾಸು. ಇಷ್ಟು ತೆಳು ಪದರಕ್ಕೆ ಈ ಗುಣ ಇದೆ ಅಂತ 1984ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ತೋರಿಸಿದರು. ಬಣ್ಣ ಜರುಗೋದು ಇದರಲ್ಲಿ ತುಂಬಾ ಕಮ್ಮಿ. ಸೆಕೆ ಮಾತ್ರ ಆಗಿಬರಲ್ಲ, ಹಾಗಾಗಿ ಸಾಮಾನ್ಯವಾಗಿ ಚಿಪ್ ಕೆಳಗೆ ಪುಟ್ಟ ಕೂಲರ್ ಇಟ್ಟಿರುತ್ತಾರೆ. ನಮ್ಮ ರಾಯಚೂರು, ಕೊಪ್ಪಳದ ಬಿಸಿಲಿಗೆ ನಮಗೇ ಬೇಕು, ಅಲ್ವಾ?

ಮಾಡ್ಯುಲೇಟರ್‌ನಲ್ಲಿ ಇನ್ನೊಂದು ಬಗೆ ಇದೆ, ಮಾಕ್-ಜೆಂಡರ್ ಅಂತ. ಅಲ್ಲಿ ನುಂಗೋದಿಲ್ಲ. ಬೆಳಕನ್ನು ಎರಡು ಕಾಲುವೆಗೆ ಹಂಚಿ, ಒಂದನ್ನು ಅರ್ಧ ಅಲೆಯಷ್ಟು ತಡ ಮಾಡಿ ಮತ್ತೆ ಕೂಡಿಸಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಅದು ಹೇಗೆ ಅಂತ ಮಗಳನ್ನೇ ಕೇಳಿ, ಪರೀಕ್ಷೆಗೂ ಓದಿದ ಹಾಗಾಗುತ್ತೆ.