ಜಿಸಿಸಿಯ ತಪ್ಪಲ್ಲ, ಹೆಡರ್ ಕಡತ ಇಲ್ಲ

ಉಬುಂಟುವಿನಲ್ಲಿ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಸಾಧನ) ಮೂಲಕ ಒಂದು ಪ್ಯಾಕೇಜ್ ಹಾಕಲು ಹೋದರೆ ಜಿಸಿಸಿ (ಸಿ ಕೋಡಿನ ಕಂಪೈಲರ್) ವಿಫಲವಾಗುತ್ತಿದೆ ಎಂದು ಕೇಳಿದ್ದೀರಿ. ಬಹುಶಃ ನಿಮ್ಮ ಉಬುಂಟುವಿನಲ್ಲಿ ಪೈಥಾನ್‌ನ ಹೆಡರ್ ಕಡತಗಳೇ (ಸಿ ಕೋಡ್ ಕಂಪೈಲ್ ಮಾಡುವಾಗ ಬೇಕಾಗುವ ಕಡತಗಳು) ಇಲ್ಲ. ನೀವು ಹಾಕಿರುವ ‘ಜಿಸಿಸಿ ವಿಫಲ, ಎಕ್ಸಿಟ್ ಸ್ಟೇಟಸ್ 1’ ಎಂಬ ಕೊನೆಯ ಸಾಲು ಬರೀ ಗೋಳು. ಕಾರಣ ಅದಕ್ಕಿಂತ ಮೇಲೆಲ್ಲೋ ಇರುತ್ತದೆ. ಟರ್ಮಿನಲ್‌ನಲ್ಲಿ ಮೇಲಕ್ಕೆ ಸರಿದು, ‘ಪೈಥಾನ್.ಎಚ್’ ಸಿಗಲಿಲ್ಲ ಎಂಬ ಸಾಲು ಇದೆಯೇ ನೋಡಿ.

ಇದ್ದರೆ ಆಪ್ಟ್ (ಉಬುಂಟುವಿನ ಪ್ಯಾಕೇಜ್ ಸಾಧನ) ಮೂಲಕ ಆ ಹೆಡರ್‌ಗಳಿರುವ ‘ಪೈಥಾನ್3-ಡೆವ್’ ಪ್ಯಾಕೇಜ್ ಹಾಕಿಕೊಳ್ಳಿ. ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದು ಎದ್ದಿದ್ದೇನೆ: ಅದು ಉಬುಂಟುವಿನ ಜೊತೆ ಬಂದ ಪೈಥಾನ್‌ಗೆ ಮಾತ್ರ. ನೀವು ಬೇರೆಯಾಗಿ ಹಾಕಿಕೊಂಡ ಪೈಥಾನ್ 3.11ರಿಂದ ವರ್ಚುವಲ್ ಪರಿಸರ (ಒಂದು ಯೋಜನೆಗೆಂದೇ ಬೇರೆಯಾಗಿಟ್ಟ ಪೈಥಾನ್ ಜಾಗ) ಕಟ್ಟಿದ್ದರೆ ‘ಪೈಥಾನ್3.11-ಡೆವ್’ ಬೇಕು. ಬಳಿಕ ಆ ಪರಿಸರದೊಳಗೇ ಪಿಪ್ ನವೀಕರಿಸಿ, ನಿಮಗೆ ಬೇಕಾದ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿ.

ಸಿಗದ ಹೆಡರ್‌ನ ಹೆಸರು ಬೇರೆಯಾಗಿದ್ದರೆ ನನ್ನ ಊಹೆ ತಪ್ಪು. ಆಗ ಆ ಲೈಬ್ರರಿಯ ಡೆವ್ ಪ್ಯಾಕೇಜ್ ಹುಡುಕಿ ಹಾಕಿ.