ಕೂಲೆಂಟ್ ಪದೇ ಪದೇ ಇಳಿಯುತ್ತಿದ್ದರೆ

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಆರು ವರ್ಷ ತುಂಬಿದೆ. ಕಳೆದ ನಾಲ್ಕು ತಿಂಗಳಲ್ಲಿ ಕೂಲೆಂಟ್ ಟ್ಯಾಂಕಿನ ಮಟ್ಟ ಮೂರು ಬಾರಿ ಕನಿಷ್ಠ ಗೆರೆಗಿಂತ ಕೆಳಗಿಳಿದಿತ್ತು. ಪ್ರತಿ ಸಲವೂ ನಲ್ಲಿ ನೀರನ್ನೇ ತುಂಬಿದೆ. ತಾಪಮಾನದ ಮುಳ್ಳು ಇದುವರೆಗೆ ಮೇಲೇರಿಲ್ಲ. ಹೀಗೆಯೇ ಮುಂದುವರಿಸಬಹುದೇ? ಒಳಗಿರುವ ದ್ರವ ಹಸಿರು. ನನ್ನಲ್ಲಿರುವ ಹೊಸ ಡಬ್ಬಿಯ ಕೂಲೆಂಟ್ ಗುಲಾಬಿ ಬಣ್ಣದ್ದು. ಎರಡನ್ನೂ ಬೆರೆಸಬಹುದೇ?

ಉತ್ತರ: ಮುಂದುವರಿಸಬೇಡಿ. ಕೂಲೆಂಟ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ವ್ಯವಸ್ಥೆಯೊಳಗೆ ಎಂಜಿನ್ನಿನಿಂದ ರೇಡಿಯೇಟರಿಗೂ ಅಲ್ಲಿಂದ ಮತ್ತೆ ಎಂಜಿನ್ನಿಗೂ ಸುತ್ತುತ್ತಿರುತ್ತದೆ. ವರ್ಷಗಳ ಅವಧಿಯಲ್ಲಿ ಮಟ್ಟ ತುಸು ಇಳಿದರೆ ಆತಂಕವಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಬಾರಿ ಇಳಿದಿದೆಯೆಂದರೆ ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ಮುಳ್ಳನ್ನು ನಂಬಿ ನಿಶ್ಚಿಂತರಾಗಿರುವುದೂ ಸರಿಯಲ್ಲ, ಏಕೆಂದರೆ ದ್ರವ ತೀರಾ ಕಡಿಮೆಯಾಗಿ ಸೆನ್ಸರಿನ ಸುತ್ತ ಬರೀ ಗಾಳಿ ಉಳಿದರೆ ಮುಳ್ಳು ನಿಜವಾದ ಬಿಸಿಯನ್ನು ತೋರಿಸದೇ ಹೋಗಬಹುದು.

ಸೋರಿಕೆಯನ್ನು ಹುಡುಕುವ ಕೆಲಸವನ್ನು ಎಂಜಿನ್ ಪೂರ್ತಿ ತಣಿದಿರುವಾಗ ಆರಂಭಿಸಿ. ರಬ್ಬರ್ ಹೋಸುಗಳ ಕ್ಲಿಪ್ಪುಗಳು, ರೇಡಿಯೇಟರಿನ ಅಂಚುಗಳು, ವಾಟರ್ ಪಂಪಿನ ಕೆಳಭಾಗ, ಇವುಗಳಲ್ಲಿ ಒಣಗಿದ ಬಿಳಿ ಅಥವಾ ಬಣ್ಣದ ಕಲೆಗಳಿವೆಯೇ ನೋಡಿ. ಕಾರಿನೊಳಗೆ ಸಿಹಿ ವಾಸನೆಯಿದ್ದು ಮುಂಬದಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಹೀಟರಿನ ಒಳಭಾಗವೇ ಸೋರುತ್ತಿರಬಹುದು. ಹೊರಗೆ ಏನೂ ಕಾಣದಿದ್ದರೆ ಸಂಶಯ ಹೆಡ್ ಗ್ಯಾಸ್ಕೆಟಿನ (ಎಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಕೂರುವ ಸೀಲಿನ) ಮೇಲೆ ಬೀಳುತ್ತದೆ: ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಾಣುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಲೇ ಇರುವುದು ಅದರ ಲಕ್ಷಣಗಳು. ವರ್ಕ್‌ಶಾಪಿನಲ್ಲಿ ಕೈಪಂಪಿನಿಂದ ವ್ಯವಸ್ಥೆಗೆ ಒತ್ತಡ ಕೊಟ್ಟು ನೋಡುವ ಪರೀಕ್ಷೆಯಿದೆ. ಅದನ್ನು ಕೇಳಿ ಮಾಡಿಸಿಕೊಳ್ಳಿ. ರೇಡಿಯೇಟರ್ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳವನ್ನೂ ಪರೀಕ್ಷಿಸಲು ಹೇಳಿ, ಅದರ ಸ್ಪ್ರಿಂಗ್ ಅಥವಾ ರಬ್ಬರ್ ಸೋತಿದ್ದರೂ ದ್ರವ ಹೊರಹೋಗುತ್ತದೆ.

ನಲ್ಲಿ ನೀರಿನ ವಿಷಯಕ್ಕೆ ಬರುವುದಾದರೆ, ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪೊರೆಯಾಗಿ ಕೂರುತ್ತವೆ, ಕ್ಲೋರೈಡ್ ಅಲ್ಯೂಮಿನಿಯಂ ಭಾಗಗಳನ್ನು ಕೊರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಮೂರು ಬಾರಿ ನೀರು ಸೇರಿಸಿದ್ದರಿಂದ ಮಿಶ್ರಣ ತೆಳುವಾಗಿದೆ. ಕೂಲೆಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಿನಲ್ಲಿದ್ದರೆ ದ್ರವ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ. ಸಾಮಾನ್ಯ ಒತ್ತಡದಲ್ಲಿ ಅದು ಕುದಿಯುವುದು ಸುಮಾರು 107 ಡಿಗ್ರಿಯಲ್ಲಿ, ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟಾಗ ಇನ್ನೂ ಮೇಲೆ. ನೀರು ಹೆಚ್ಚಿದಷ್ಟೂ ಈ ರಕ್ಷಣೆ ಕುಗ್ಗುತ್ತದೆ, ತುಕ್ಕುನಿರೋಧಕಗಳೂ ತೆಳುವಾಗುತ್ತವೆ. ಹಾಗೆಂದು ನೀರೇ ಬೇಡವೆಂದು ಗಾಢ ಕೂಲೆಂಟನ್ನು ಮಾತ್ರ ಸುರಿಯುವುದೂ ತಪ್ಪು, ಏಕೆಂದರೆ ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಡಬ್ಬಿಯಲ್ಲಿರುವುದು ಬೆರೆಸಿ ಸಿದ್ಧಗೊಳಿಸಿದ್ದೋ ಗಾಢ ದ್ರವವೋ ಎಂದು ಓದಿಕೊಂಡು, ಗಾಢವಾಗಿದ್ದರೆ ಡಿಸ್ಟಿಲ್ಡ್ ನೀರನ್ನೇ ಬೆರೆಸಿ.

ಬಣ್ಣ ನೋಡಿ ಬೆರೆಸಬೇಡಿ. ಬಣ್ಣವೆಂಬುದು ತಯಾರಕರು ಹಾಕುವ ರಂಗು ಅಷ್ಟೇ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಒಳಗಿನ ರಾಸಾಯನಿಕಗಳು ಬೇರೆಯಾಗಿದ್ದರೆ ತುಕ್ಕುನಿರೋಧಕ ಗುಣ ಕೆಡುತ್ತದೆ, ಕೆಲವೊಮ್ಮೆ ಗಸಿಯೂ ಕಟ್ಟುತ್ತದೆ. ವಾಹನದ ಕೈಪಿಡಿಯಲ್ಲಿ ಹೇಳಿದ ನಮೂನೆಯೇ ಪ್ರಮಾಣ. ಹಳೆಯ ಸಿಲಿಕೇಟ್ ಬಗೆಯ ಕೂಲೆಂಟನ್ನು ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಸಾವಯವ ಆಮ್ಲದ ಬಗೆಯದನ್ನು ಸುಮಾರು 5 ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ನಿಮ್ಮ ಕಾರಿನ ಸ್ಥಿತಿಯಲ್ಲಿ ನಾನಾದರೆ ಸೋರಿಕೆ ಸರಿಪಡಿಸಿದ ಬಳಿಕ ಪೂರ್ತಿ ಹರಿಸಿ, ತೊಳೆದು, ಹೊಸದನ್ನೇ ತುಂಬಿಸುತ್ತಿದ್ದೆ. ತೆಗೆದ ಹಳೆಯ ದ್ರವವನ್ನು ನೆಲಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪ ಪ್ರಮಾಣವೂ ಅವುಗಳ ಪ್ರಾಣಕ್ಕೆ ಎರವಾಗುತ್ತದೆ.

ಪ್ರಶ್ನೆ: ದಾರಿಯ ಮಧ್ಯೆ ಮುಳ್ಳು ಕೆಂಪು ಗೆರೆಯತ್ತ ಏರಿದರೆ ತಕ್ಷಣ ಏನು ಮಾಡಬೇಕು?

ಉತ್ತರ: ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಸೆಕೆಯಾದರೂ ಎಂಜಿನ್ನಿನ ಶಾಖ ಸ್ವಲ್ಪ ಹೊರಹೋಗುತ್ತದೆ. ಸುರಕ್ಷಿತವಾದ ಮೊದಲ ಜಾಗದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿ. ಮುಚ್ಚಳಕ್ಕೆ ಕೈಹಾಕಬೇಡಿ: ಒತ್ತಡ ಒಮ್ಮೆಲೇ ಇಳಿದರೆ ದ್ರವ ಕುದಿದು ಮುಖಕ್ಕೇ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ರೇಡಿಯೇಟರಿನ ಮೇಲಿನ ಹೋಸ್ ಕೈಗೆ ತಣ್ಣಗೆ ತಾಗಿದ ಮೇಲೆ, ಮುಚ್ಚಳವನ್ನು ದಪ್ಪ ಬಟ್ಟೆಯಿಂದ ಹಿಡಿದು ನಿಧಾನವಾಗಿ ತಿರುಗಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕುಬಿಡಬಹುದು. ಇಂಥ ಹೊತ್ತಿನಲ್ಲಿ, ಎಂಜಿನ್ ತಣಿದ ಬಳಿಕ, ಹತ್ತಿರದ ವರ್ಕ್‌ಶಾಪಿನವರೆಗೆ ಹೋಗಲು ನಲ್ಲಿ ನೀರಾದರೂ ಆದೀತು. ಆದರೆ ಮುಳ್ಳು ಮತ್ತೆ ಏರಿದರೆ ಓಡಿಸದೆ ಕಾರನ್ನು ಎಳೆಸಿಕೊಂಡೇ ಹೋಗಿ.